ಉಪ್ಪು ಸುರಿದು ಜಿಂಕೆಗೆ ಕಾದರೆ ಕೇಸು ಆಗುತ್ತಾ?

ಮೂಡಿಗೆರೆ ತೋಟದವ: ನಮ್ಮ ತೋಟದಂಚಿನ ಹಳ್ಳದ ಹತ್ರ ಪಕ್ಕದೂರಿನ ಹುಡುಗರು ಕಲ್ಲುಪ್ಪು ಸುರಿದು, ಹಲಸಿನ ತೊಳೆ ಹರಡಿದ್ದಾರೆ. ಅತ್ತಿಮರದಲ್ಲಿ ಮರಸು ಕೂರೋಕೆ (ಪ್ರಾಣಿಗೆ ಅಡಗಿ ಕಾಯೋಕೆ) ಅಟ್ಟಣೆ ಬೇರೆ. ಕೇಳಿದ್ರೆ ‘ಇನ್ನೂ ಗುಂಡೇ ಹಾರಿಸಿಲ್ಲ, ಎಂಥ ಕೇಸು?’ ಅಂತಾರೆ. ಹೌದಾ?

ರಿಟೈರ್ಡ್ ಗಾರ್ಡ್: ಎಲ್ಲರೂ ಹೇಳೋದು ಇದನ್ನೇ ಮಾರಾಯ್ರೆ! 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 2(16)ನೇ ಕಲಂ ಪ್ರಕಾರ ಬೇಟೆ ಅಂದ್ರೆ ಕೊಲ್ಲೋದು ಮಾತ್ರ ಅಲ್ಲ. ಆಮಿಷ ಒಡ್ಡೋದು, ಉರುಳು ಹಾಕೋದು, ಅದರ ಪ್ರಯತ್ನ ಕೂಡ ಬೇಟೆಯೇ. 51ನೇ ಕಲಂ ಅಡಿ 3 ವರ್ಷದವರೆಗೆ ಜೈಲು, ಇಲ್ಲವೇ 1 ಲಕ್ಷದವರೆಗೆ ದಂಡ, ಇಲ್ಲವೇ ಎರಡೂ. 2022ರ ತಿದ್ದುಪಡಿಗೆ ಮುಂಚೆ ದಂಡ 25 ಸಾವಿರ ಇತ್ತು. ಕಾಯ್ದೆಯ ಒಂದನೇ ಅನುಸೂಚಿಯ (ಅತಿ ಹೆಚ್ಚು ರಕ್ಷಣೆ ಇರೋ ಪಟ್ಟಿಯ) ಪ್ರಾಣಿಯಾದ್ರೆ, ಅಥವಾ ಅಭಯಾರಣ್ಯದೊಳಗೆ ನಡೆದ್ರೆ ಕನಿಷ್ಠ 3 ವರ್ಷ, ಗರಿಷ್ಠ 7.

ಕಾಫಿಕಣ: ಬೆಳೆ ರಕ್ಷಣೆಗೆ ಅಂತ ಲೈಸೆನ್ಸ್ ಇರೋ ಕೋವಿ ಆದ್ರೆ?

ರಿಟೈರ್ಡ್ ಗಾರ್ಡ್: ಆ ಲೈಸೆನ್ಸ್ ಬೇಟೆಗೆ ಪರ್ಮಿಟ್ ಅಲ್ಲ. ಶಿಕ್ಷೆಯಾದ್ರೆ ಕೋರ್ಟು ಅದನ್ನ ರದ್ದು ಮಾಡಿ, 5 ವರ್ಷ ಹೊಸದು ಸಿಗದ ಹಾಗೆ ಆದೇಶಿಸಬಹುದು. ತೋಟದವರೇ, ಉಪ್ಪು ಗುಡಿಸೋಕೆ ಹೋಗ್ಬೇಡಿ, ಅದೇ ಸಾಕ್ಷಿ. ಫೋಟೋ ತೆಗೆದು ಅರಣ್ಯ ಇಲಾಖೆಯ ರೇಂಜ್ ಆಫೀಸಿಗೆ ಇವತ್ತೇ ತಿಳಿಸಿ. ಜಾಗ ನಿಮ್ಮದು, ಮೊದಲು ವಿಚಾರಣೆ ನಿಮಗೇ.