ಯಂತ್ರದ ತಪ್ಪು ಕಡಿಮೆ ಅಂತಾದರೆ ಸಾವು-ಬದುಕಿನ ನಿರ್ಧಾರ ಅದಕ್ಕೇ ಬಿಡಬಹುದಾ?

ಅರ್ಧವಿರಾಮ:
ನಾನು ಸಾಫ್ಟ್‌ವೇರ್ ಬರೆಯೋನು. ನಮ್ಮ ತಂಡದಲ್ಲಿ ಒಂದು ವಾದ ಶುರುವಾಗಿ ಇನ್ನೂ ಮುಗಿದಿಲ್ಲ. ಒಬ್ಬರು ಹೇಳೋದು, ಯಂತ್ರ ಮನುಷ್ಯನಿಗಿಂತ ಕಡಿಮೆ ತಪ್ಪು ಮಾಡುತ್ತೆ ಅಂತ ಸಾಬೀತಾದ ಮೇಲೆ ಎಂಥ ದೊಡ್ಡ ನಿರ್ಧಾರವನ್ನೂ ಅದಕ್ಕೇ ಒಪ್ಪಿಸಬೇಕು, ನಡುವೆ ಮನುಷ್ಯ ಕೈ ಹಾಕೋದೇ ಅನೈತಿಕ ಅಂತ. ನನಗೆ ಒಪ್ಪಿಗೆ ಆಗ್ತಿಲ್ಲ. ಯಾಕೆ ಅಂತ ಕೇಳಿದರೆ ಹೇಳೋಕೂ ಬರ್ತಿಲ್ಲ. ಇಂಥ ಯಂತ್ರಗಳ ಜೊತೆ ದಿನಾ ಕೆಲಸ ಮಾಡೋರು ಏನಂತೀರಿ?

ರಾತ್ರಿಪಾಳಿ:
ನಾನು ಐಸಿಯು ನರ್ಸ್. ಯಂತ್ರಗಳ ಮೇಲೆ ನನಗೆ ತುಂಬಾ ಗೌರವ ಇದೆ, ಅದನ್ನ ಮೊದಲೇ ಹೇಳಿಬಿಡ್ತೀನಿ. 1952ರಲ್ಲಿ ಕೋಪನ್‌ಹೇಗನ್‌ನಲ್ಲಿ ಪೋಲಿಯೊ ಹಬ್ಬಿದಾಗ, ಉಸಿರಾಡೋ ಸ್ನಾಯುಗಳೇ ಸೋತುಹೋದವರ ಗಂಟಲಿಗೆ ಕೊಳವೆ ಹಾಕಿ, ಸುಮಾರು 1,500 ವೈದ್ಯಕೀಯ ವಿದ್ಯಾರ್ಥಿಗಳು ಪಾಳಿ ಮೇಲೆ ಹಾಸಿಗೆ ಪಕ್ಕ ಕೂತು ರಬ್ಬರ್ ಚೀಲ ಅದುಮಿ ಅದುಮಿ ಉಸಿರು ಕೊಟ್ಟರು. ಅರಿವಳಿಕೆ ತಜ್ಞ ಬ್ಯೋರ್ನ್ ಇಬ್ಸೆನ್ ತೋರಿಸಿದ ದಾರಿ ಅದು. ಈಗಿನ ಐಸಿಯು ಬೆಳೆದು ಬಂದಿದ್ದು ಅಲ್ಲಿಂದ. ಆ ಕೈಗಳ ಕೆಲಸವನ್ನೇ ಈಗ ವೆಂಟಿಲೇಟರ್ ಮಾಡ್ತಿದೆ. ಅದಕ್ಕೆ ದಣಿವಿಲ್ಲ. ಅದು ಎಷ್ಟು ದೊಡ್ಡ ಉಪಕಾರ ಅಂತ ಬೆಳಗಿನ ಜಾವ ನಾಲ್ಕು ಗಂಟೆಗೆ ಎಚ್ಚರ ಇರೋರಿಗೆ ಗೊತ್ತು.

ಆದರೂ ನಿಮ್ಮ ಸಹೋದ್ಯೋಗಿ ಮಾತು ನಾನು ಒಪ್ಪಲ್ಲ. ಮಾನಿಟರ್‌ನಲ್ಲಿ ಹೃದಯಬಡಿತದ ಗೆರೆ ಚಪ್ಪಟೆಯಾಗುತ್ತೆ, ಅಲಾರಂ ಕಿರುಚುತ್ತೆ. ಓಡಿಹೋಗಿ ನೋಡಿದರೆ ರೋಗಿ ಎದೆ ಕೆರೆದುಕೊಳ್ತಾ ನಮ್ಮನ್ನೇ ನೋಡ್ತಿರ್ತಾರೆ, ಎದೆಗೆ ಅಂಟಿಸಿದ್ದ ಎಲೆಕ್ಟ್ರೋಡ್ ಕಿತ್ತು ಬಂದಿರುತ್ತೆ. ಅದಕ್ಕೇ ಹೊಸಬರಿಗೆ ನಾವು ಹೇಳಿಕೊಡೋ ಮೊದಲ ಪಾಠ, ಮೊದಲು ರೋಗಿಯನ್ನ ನೋಡು ಅಂತ.

ಇದು ಸಣ್ಣ ವಿಷಯ, ದೊಡ್ಡದು ಬೇರೆ ಇದೆ. ಬೆರಳಿಗೆ ಹಾಕೋ ಪಲ್ಸ್ ಆಕ್ಸಿಮೀಟರ್ ಕೆಂಪು ಬೆಳಕು, ಇನ್‌ಫ್ರಾರೆಡ್ ಬೆಳಕು ಎರಡನ್ನೂ ಬೆರಳಿನ ಮೂಲಕ ಹಾಯಿಸಿ ರಕ್ತದ ಆಮ್ಲಜನಕವನ್ನ ಅಂದಾಜು ಮಾಡುತ್ತೆ. ಬೆರಳು ತಣ್ಣಗಿದ್ದರೆ, ಉಗುರಿಗೆ ಗಾಢ ಬಣ್ಣ ಹಚ್ಚಿದ್ದರೆ ಅಂಕಿ ಕೆಡಬಹುದು, ಅದು ಎಲ್ಲರಿಗೂ ಗೊತ್ತಿರೋದೇ. ಆದರೆ 2020ರಲ್ಲಿ ಅಮೆರಿಕದ ಸಂಶೋಧಕರು ಆ ಅಂಕಿಯನ್ನ ರಕ್ತಪರೀಕ್ಷೆ ಜೊತೆ ಹೋಲಿಸಿ ನೋಡಿದರು. ರಕ್ತದಲ್ಲಿ ಆಮ್ಲಜನಕದ ಮಟ್ಟ ಶೇಕಡಾ 88ಕ್ಕಿಂತ ಕೆಳಗೆ, ಅಂದರೆ ಅಪಾಯದಲ್ಲಿ ಇದ್ದರೂ ಬೆರಳಿನ ಕ್ಲಿಪ್ 92ರಿಂದ 96 ತೋರಿಸಿದ ಪ್ರಸಂಗಗಳು ಕಪ್ಪುವರ್ಣೀಯ ರೋಗಿಗಳಲ್ಲಿ ಬಿಳಿಯರಿಗಿಂತ ಸುಮಾರು ಮೂರು ಪಟ್ಟು ಹೆಚ್ಚಿದ್ದವು. ಸರಾಸರಿ ಲೆಕ್ಕದಲ್ಲಿ ಆ ಸಾಧನ ಚೆನ್ನಾಗೇ ಇತ್ತು. ಆದರೆ ತಪ್ಪು ಎಲ್ಲರ ಮೇಲೂ ಸಮನಾಗಿ ಬೀಳ್ತಿರಲಿಲ್ಲ. "ಕಡಿಮೆ ತಪ್ಪು" ಅಂದವರನ್ನ ನಾನು ಕೇಳೋದು ಇಷ್ಟೇ: ಉಳಿದ ತಪ್ಪು ಯಾರ ಪಾಲಿಗೆ?

ಶೂನ್ಯಬಿಂದು:
ಮೇಡಂ, ನಿಮ್ಮ ಉದಾಹರಣೆಯೇ ನನ್ನ ಪರವಾಗಿದೆ. ಯಂತ್ರದ ಪಕ್ಷಪಾತವನ್ನ ಅಳೆಯೋಕೆ ಆಯ್ತು, ಹಾಗಾಗಿ ಸರಿಪಡಿಸಬಹುದು. ದಣಿದ ವೈದ್ಯರ ಮನಸ್ಸಿನೊಳಗಿನ ಪಕ್ಷಪಾತ ಅಳೆಯೋಕೆ ಯಾವ ಮೀಟರ್ ಇದೆ?

ರಾತ್ರಿಪಾಳಿ:
ನಿಮ್ಮ ಮಾತಲ್ಲಿ ಹುರುಳಿದೆ, ಅರ್ಧ ಒಪ್ತೀನಿ. ಮನುಷ್ಯರ ಪಕ್ಷಪಾತ ನಾನೂ ಕಣ್ಣಾರೆ ನೋಡಿದ್ದೀನಿ. ಆದರೆ ಅಳೆಯೋ ಮುಂಚೆ, ಎಲ್ಲೋ ತಪ್ಪಿದೆ ಅಂತ ಯಾರಾದರೂ ಅನುಮಾನ ಪಡಬೇಕಲ್ವಾ? ಥೆರಾಕ್-25 ಅನ್ನೋ ವಿಕಿರಣ ಚಿಕಿತ್ಸೆ ಯಂತ್ರದ ಕಥೆ ನೀವು ಕೇಳಿರಬೇಕು. 1985ರಿಂದ 1987ರ ಒಳಗೆ ಆರು ಜನರಿಗೆ ಅದರಿಂದ ವಿಪರೀತ ವಿಕಿರಣ ಬಿತ್ತು, ಕೆಲವರು ಸತ್ತೇ ಹೋದರು. ಹಳೇ ಮಾದರಿಯಲ್ಲಿದ್ದ ಯಾಂತ್ರಿಕ ತಡೆಗಳನ್ನ ತೆಗೆದು, ಸುರಕ್ಷತೆಯನ್ನ ಸಾಫ್ಟ್‌ವೇರ್ ಮೇಲೆ ಬಿಟ್ಟಿದ್ದರು. ಪರದೆ ಮೇಲೆ "ಮಾಲ್‌ಫಂಕ್ಷನ್ 54" ಅಂತ ಬರ್ತಿತ್ತು. ಏನು ಹಾಗಂದರೆ? ನಡೆಸೋರಿಗೆ ಅರ್ಥವಾಗೋ ಹಾಗೆ ಎಲ್ಲೂ ಬರೆದಿರಲಿಲ್ಲ. ಇಂಥ ಸಂದೇಶಗಳು ಪದೇಪದೇ ಬರ್ತಿದ್ದರಿಂದ ಒಂದು ಕೀಲಿ ಒತ್ತಿ ಮುಂದುವರಿಸೋದು ಅಭ್ಯಾಸವಾಗಿಹೋಗಿತ್ತು. ಮೈ ಸುಟ್ಟ ಹಾಗಾಯ್ತು ಅಂತ ರೋಗಿಗಳು ಹೇಳಿದರು. ಅಂಥದ್ದು ಆಗೋಕೆ ಸಾಧ್ಯವೇ ಇಲ್ಲ ಅಂತ ತಯಾರಕರು ಉತ್ತರ ಕೊಟ್ಟರು. ಕೊನೆಗೆ ಒಂದು ಆಸ್ಪತ್ರೆಯ ಭೌತವಿಜ್ಞಾನಿ, ಯಂತ್ರ ನಡೆಸ್ತಿದ್ದ ಸಿಬ್ಬಂದಿಯನ್ನ ಕೂರಿಸಿಕೊಂಡು ಆವತ್ತು ಮಾಡಿದ್ದನ್ನೇ ಮತ್ತೆ ಮತ್ತೆ ಮಾಡಿಸಿ ನೋಡಿದರು. ಟೈಪ್ ಮಾಡಿದ್ದನ್ನ ಬೇಗ ಬೇಗ ತಿದ್ದಿದಾಗ ಮಾತ್ರ ಆ ದೋಷ ಕಾಣಿಸಿಕೊಳ್ತಿತ್ತು. ರೋಗಿಯ ಮಾತು ನಂಬಿ ಹಿಂದೆ ಬಿದ್ದಿದ್ದಕ್ಕೆ ಅದು ಸಿಕ್ಕಿತು.

ಅರ್ಧವಿರಾಮ:
ಇದು ನನಗೆ ಬೇಕಿದ್ದ ಉತ್ತರಕ್ಕೆ ಹತ್ತಿರ ಬಂತು. ಇನ್ನೊಂದು ಕೇಳಬಹುದಾ? ಒಬ್ಬರು ಸತ್ತಿದ್ದಾರೆ ಅನ್ನೋ ಕೊನೇ ಮಾತು? ಅದರಲ್ಲೂ ಯಂತ್ರ ಮನುಷ್ಯನಿಗಿಂತ ನಿಖರ ಅಂತಾದರೆ?

ರಾತ್ರಿಪಾಳಿ:
ಹಿಂದೆ ಉಸಿರು ನಿಂತರೆ ಸ್ವಲ್ಪ ಹೊತ್ತಿಗೆ ಹೃದಯವೂ ನಿಲ್ತಿತ್ತು, ಗೊಂದಲ ಕಡಿಮೆ. ವೆಂಟಿಲೇಟರ್ ಬಂದ ಮೇಲೆ ಮಿದುಳು ಪೂರ್ತಿ ಸತ್ತಿದ್ದರೂ ಎದೆ ಏರಿಳಿಯುತ್ತೆ, ಅಂಗೈ ಬೆಚ್ಚಗಿರುತ್ತೆ. ಹಾಗಾಗಿ 1968ರಲ್ಲಿ ಹಾರ್ವರ್ಡ್‌ನ ಸಮಿತಿಯೊಂದು ಬ್ರೇನ್ ಡೆತ್‌ಗೆ ಮಾನದಂಡ ಬರೆಯಬೇಕಾಯ್ತು. ಈಗ ಮಾಡೋ ಪರೀಕ್ಷೆಗಳಲ್ಲಿ ಒಂದು ಹೀಗಿದೆ: ಆಮ್ಲಜನಕ ಕೊಡ್ತಾನೇ ವೆಂಟಿಲೇಟರ್ ಬಿಡಿಸ್ತಾರೆ. ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಏರ್ತಾ ಹೋಗುತ್ತೆ. ಉಸಿರಾಟ ನಡೆಸೋ ಮಿದುಳಿನ ಕಾಂಡದಲ್ಲಿ ಸ್ವಲ್ಪ ಜೀವ ಇದ್ದರೂ ಅದು ಉಸಿರೆಳೆಯೋಕೆ ಪ್ರಯತ್ನ ಪಡುತ್ತೆ. ಎಂಟು ಹತ್ತು ನಿಮಿಷ ಎಲ್ಲರೂ ಬಗ್ಗಿ, ಬರೀ ಎದೆ ಹೊಟ್ಟೆ ನೋಡ್ತಾ ನಿಂತಿರ್ತೀವಿ.

ಆ ನೋಡೋ ಕೆಲಸ ಸೆನ್ಸರ್ ನಮಗಿಂತ ಚೆನ್ನಾಗಿ ಮಾಡಬಹುದು, ಮಾಡಲಿ. ಆದರೆ ಹೊರಗೆ ಕಾಯ್ತಿರೋ ಮಗಳು, "ಕೈ ಇನ್ನೂ ಬಿಸಿ ಇದೆಯಲ್ಲ" ಅಂದಾಗ ಅವಳ ಎದುರು ಕೂತು, ಇದು ನನ್ನ ನಿರ್ಧಾರ, ನನ್ನ ಸಹಿ, ನಾಳೆ ಅನುಮಾನ ಬಂದರೆ ನನ್ನನ್ನೇ ಬಂದು ಕೇಳು ಅನ್ನೋಕೆ ಒಬ್ಬರು ಇರಲೇಬೇಕು. ಎಐಗೆ ಮನಸ್ಸಿದೆಯಾ ಅನ್ನೋ ಚರ್ಚೆಯಲ್ಲಿ ನನಗೆ ಅಷ್ಟು ಆಸಕ್ತಿ ಇಲ್ಲ. ಆ ಕುರ್ಚಿಯಲ್ಲಿ ಯಾರು ಕೂರ್ತಾರೆ ಅನ್ನೋದು ನನಗೆ ಮುಖ್ಯ.

ನೀವು ಸಾಫ್ಟ್‌ವೇರ್ ಬರೆಯೋರಾದ್ದರಿಂದ ಒಂದು ಕೋರಿಕೆ. ಆಕ್ಸಿಮೀಟರ್ ಪರದೆಯಲ್ಲಿ ನಾವು ಮೊದಲು ನಾಡಿಯ ಅಲೆ ನೋಡ್ತೀವಿ, ಅಲೆ ಚೆನ್ನಾಗಿ ಮೂಡದಿದ್ದರೆ ಅಂಕಿ ನಂಬಲ್ಲ. ಎಷ್ಟೋ ಹೊಸ ಸಾಫ್ಟ್‌ವೇರ್‌ಗಳಲ್ಲಿ ಬರೀ ತೀರ್ಪು ಇರುತ್ತೆ, ಅಲೆ ಇರಲ್ಲ. ದಯವಿಟ್ಟು ಅಲೆ ತೋರಿಸಿ.