ಏರ್ ಪಿಸ್ತೂಲಿನ ಹಿಡಿಯನ್ನು ಕೈಯಾರೆ ಕೆತ್ತಿಕೊಳ್ಳುವುದು: ಒಂದು ಪ್ರಶ್ನೆ, ಮೂವರ ಅನುಭವ

ಪ್ರಶ್ನೆ (ಗೋಣಿಕೊಪ್ಪಲಿನ ಪೋಷಕರಿಂದ)

ಹದಿನೈದು ವರ್ಷದ ನನ್ನ ಮಗಳು 10 ಮೀಟರ್ ಏರ್ ಪಿಸ್ತೂಲ್ ಸ್ಪರ್ಧೆಗೆ ಅಭ್ಯಾಸ ಮಾಡುತ್ತಿದ್ದಾಳೆ. ಕ್ಲಬ್ಬಿನವರು ಕೊಟ್ಟಿರುವ ಪಿಸ್ತೂಲಿನ ಹಿಡಿ ಅವಳ ಕೈಗೆ ದೊಡ್ಡದಾಗಿದ್ದು, ಪ್ರತಿ ಸಲ ಎತ್ತಿದಾಗಲೂ ಮಣಿಕಟ್ಟನ್ನು ತಿರುಗಿಸಿ ಗುರಿ ಸರಿಮಾಡಿಕೊಳ್ಳಬೇಕಾಗುತ್ತದೆ. ಹೊರದೇಶದಿಂದ ಹಿಡಿ ತರಿಸುವ ಬದಲು ನಮ್ಮ ಊರಿನ ಮರದಲ್ಲೇ ಕೆತ್ತಿಕೊಳ್ಳಬಹುದೇ? ಯಾವ ಮರ ಒಳ್ಳೆಯದು, ಕೊನೆಗೆ ಮೇಲ್ಮೈಗೆ ಏನು ಹಚ್ಚಬೇಕು? ಟ್ರಿಗರನ್ನೂ ಮನೆಯಲ್ಲೇ ಹಗುರ ಮಾಡಬಹುದೆಂದು ಬಂಧುವೊಬ್ಬರು ಹೇಳುತ್ತಾರೆ, ಅದು ಸರಿಯೇ?

ಉತ್ತರ (ಮಡಿಕೇರಿಯಲ್ಲಿ ಮಕ್ಕಳಿಗೆ ಗುರಿ ಹೊಡೆಯುವುದನ್ನು ಕಲಿಸುವವರಿಂದ)

ಖಂಡಿತ ಕೆತ್ತಿಕೊಳ್ಳಬಹುದು. ಆದರೆ ಕ್ಲಬ್ಬಿನ ಮೂಲ ಹಿಡಿಗೆ ಉಳಿ ತಾಗಿಸಬೇಡಿ. ಅದನ್ನು ಬಿಚ್ಚಿ, ಸ್ಕ್ರೂ ತೂತು ಮತ್ತು ಒಳಗಿನ ತೋಡುಗಳ ಅಳತೆಯನ್ನು ಕಾಗದದ ಮೇಲೆ ಗುರುತಿಸಿಕೊಂಡು, ಬೇರೆ ಮರದ ತುಂಡಿನಲ್ಲಿ ಕೆಲಸ ಆರಂಭಿಸಿ.

ನಮ್ಮ ಮನೆಗಳಲ್ಲಿ ಕೋವಿ ಹಿಡಿದು ಬೆಳೆದವರು, ಕೈಲ್ ಪೊಳ್ದ್ ಹಬ್ಬದಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆದು ಪಳಗಿದವರು, ಹಿಡಿ ಕೈಗೆ ಹಿತವಾಗಿದ್ದರೆ ಸಾಕೆಂದು ಭಾವಿಸುವುದುಂಟು. ಕೋವಿಗೆ ಭುಜ, ಕೆನ್ನೆ, ಎರಡು ಕೈಗಳ ಆಸರೆ ಇರುತ್ತದೆ. ಪಿಸ್ತೂಲನ್ನು ಚಾಚಿದ ಒಂದೇ ಕೈಯಲ್ಲಿ ಹಿಡಿಯುವುದರಿಂದ, ಹಿಡಿ ಹಿತವಾಗಿದೆಯೇ ಎಂಬುದಕ್ಕಿಂತ ಕೈ ಎತ್ತಿದಾಗ ಸೈಟುಗಳು (ಗುರಿ ನೋಡಲು ಪಿಸ್ತೂಲಿನ ಮೇಲೆ ಮುಂದೆ ಮತ್ತು ಹಿಂದೆ ಇರುವ ಗುರುತುಗಳು) ತಾವಾಗಿಯೇ ಒಂದೇ ಸಾಲಿಗೆ ಬರುತ್ತವೆಯೇ ಎಂಬುದು ಮುಖ್ಯ. ಮುಂದಿನ ಮತ್ತು ಹಿಂದಿನ ಸೈಟುಗಳ ನಡುವೆ 320 ಮಿ.ಮೀ. ಅಂತರವಿದೆ ಎಂದುಕೊಳ್ಳಿ. ಅವುಗಳ ಹೊಂದಿಕೆಯಲ್ಲಿ ಒಂದು ಮಿ.ಮೀ. ತಪ್ಪಿದರೂ 10 ಮೀಟರ್ ದೂರದಲ್ಲಿ ಪೆಲೆಟ್ (ಏರ್ ಪಿಸ್ತೂಲಿನ ಪುಟ್ಟ ಗುಂಡು) ಸುಮಾರು 31 ಮಿ.ಮೀ. ಪಕ್ಕಕ್ಕೆ ಹೋಗುತ್ತದೆ. ಹತ್ತು ಅಂಕದ ವೃತ್ತದ ವ್ಯಾಸ 11.5 ಮಿ.ಮೀ. ಮಾತ್ರ, ಕೈ ಎಷ್ಟೇ ಸ್ಥಿರವಾಗಿದ್ದರೂ ಅಂಥ ಹೊಡೆತಕ್ಕೆ ಸಿಗುವುದು ಏಳು. ಮಣಿಕಟ್ಟು ತಿರುಗಿಸಿ ಸರಿಮಾಡಿಕೊಂಡ ಗುರಿ ಟ್ರಿಗರ್ ಒತ್ತುವ ಕ್ಷಣದಲ್ಲಿ ತನ್ನ ಸಹಜ ಸ್ಥಾನಕ್ಕೆ ಹಿಂದಿರುಗಲು ಎಳೆಯುತ್ತದೆ. ನಿಮ್ಮ ಮಗಳ ತೊಂದರೆ ಇದೇ ಇರಬೇಕು.

ಪಿಸ್ತೂಲಿನಲ್ಲಿ ಪೆಲೆಟ್ ಇಲ್ಲವೆಂದು ಖಚಿತಪಡಿಸಿಕೊಂಡು, ಖಾಲಿ ಗೋಡೆಯ ಕಡೆಗೆ ಮಾತ್ರ ಈ ಪರೀಕ್ಷೆ ಮಾಡಿಸಿ. ಅವಳು ಕಣ್ಣು ಮುಚ್ಚಿ ಕೈ ಎತ್ತಿ, ಉಸಿರು ನೆಲೆಗೊಂಡ ಮೇಲೆ ಕಣ್ಣು ತೆರೆಯಲಿ. ಬಲಗೈಯವರಿಗೆ ಮುಂದಿನ ಸೈಟ್ ಮತ್ತೆ ಮತ್ತೆ ಎಡಕ್ಕೇ ಬಿದ್ದರೆ ಸಾಮಾನ್ಯವಾಗಿ ಅಂಗೈ ಕಡೆಯ ಉಬ್ಬು ಹೆಚ್ಚಾಗಿದೆ ಎಂದು ತಿಳಿಯಬೇಕು. ಅಲ್ಲಿಂದ ಮರವನ್ನು ಸ್ವಲ್ಪ ತೆಗೆಯಬೇಕು. ಕೆಳಗೆ ಬಿದ್ದರೆ ಹಿಡಿಯ ಹಿಂಭಾಗದ ಕೆಳತುದಿಯಲ್ಲಿ ತುಂಬಬೇಕು. ಹಿಡಿಯ ಓರೆಯನ್ನು ಬದಲಿಸುವ ಸ್ಕ್ರೂ ಇದ್ದರೆ ಮೊದಲು ಅದನ್ನೇ ತಿರುಗಿಸಿ ನೋಡಿ. ಎಲ್ಲಿ ತಾಗುತ್ತಿದೆ ಎಂದು ತಿಳಿಯಲು ಅಂಗೈಗೆ ಸೀಮೆಸುಣ್ಣದ ಪುಡಿ ಸವರಿ ಹಿಡಿಸಿದರೆ ಸಾಕು. ಪುಡಿ ದಟ್ಟವಾಗಿ ಅಂಟಿದ ಜಾಗವನ್ನಷ್ಟೇ ಅರದಿಂದ ಉಜ್ಜಿ, ಮತ್ತೆ ಎತ್ತಿಸಿ ನೋಡಿ. ತುಂಬಬೇಕಾದಲ್ಲಿ ಎರಡು ಭಾಗ ಕಲಸುವ ಎಪಾಕ್ಸಿ ಪುಟ್ಟಿ ಒಳ್ಳೆಯದು, ಏಕೆಂದರೆ ಅದನ್ನು ಗಟ್ಟಿಯಾದ ಮೇಲೂ ಉಜ್ಜಬಹುದು.

ಹಿಡಿತದ ಬಲವನ್ನು ನಡುಬೆರಳು ಮತ್ತು ಉಂಗುರಬೆರಳು ನೇರವಾಗಿ ಹಿಂದಕ್ಕೆ ಕೊಡಬೇಕು. ಹೆಬ್ಬೆರಳು ಒತ್ತಬಾರದು. ತೋರುಬೆರಳಿನ ಪಕ್ಕ ಮರಕ್ಕೆ ಎಲ್ಲಿಯೂ ತಾಗಬಾರದು. ತಾಗಿದರೆ ಟ್ರಿಗರ್ ಎಳೆಯುವಾಗ ಬೆರಳು ಮರವನ್ನೂ ತಳ್ಳಿ ಗುರಿಯನ್ನು ಕದಲಿಸುತ್ತದೆ. ಬೇಸರಪಟ್ಟು ಹೇಳುತ್ತೇನೆ, ಅಂದವಾಗಿ ಹೊಳೆಯುವ ಎಷ್ಟೋ ಹಿಡಿಗಳಲ್ಲಿ ಈ ಒಂದು ಸಂದನ್ನು ಬಿಡುವುದನ್ನೇ ಮರೆತಿರುತ್ತಾರೆ.

ಉತ್ತರ (ವಿರಾಜಪೇಟೆಯ ಮರಗೆಲಸದವರಿಂದ)

ನಾನು ಮರದ ವಿಷಯವನ್ನಷ್ಟೇ ಹೇಳುತ್ತೇನೆ. ಎಲ್ಲರೂ ಮೊದಲು ಕೇಳುವುದು ಬೀಟೆಯನ್ನು. ಅದು ನೋಡಲು ಚೆನ್ನ, ಗಟ್ಟಿ, ಆದರೆ ಭಾರ. ಅದರ ಧೂಳು ಕೆಲವರ ಚರ್ಮಕ್ಕೂ ಉಸಿರಿಗೂ ಒಗ್ಗುವುದಿಲ್ಲ. ಅದರೊಳಗಿನ ಎಣ್ಣೆಯಂಶದಿಂದಾಗಿ ಮೇಲೆ ಹಚ್ಚಿದ ಅಗಸೆ ಎಣ್ಣೆ ಬೇಗ ಒಣಗುವುದಿಲ್ಲ. ಮರ ಕಡಿಯಲು ಅರಣ್ಯ ಇಲಾಖೆಯ ಅನುಮತಿಯೂ ಬೇಕು. ಹಳೆಯ ಮಂಚದ ಕಾಲೊಂದು ಮನೆಯಲ್ಲಿದ್ದರೆ ಮಾತು ಬೇರೆ. ಯುರೋಪಿನ ತಯಾರಕರು ಹೆಚ್ಚಾಗಿ ವಾಲ್ನಟ್ ಬಳಸುತ್ತಾರೆ. ನಮ್ಮಲ್ಲಿ ಹದಿಹರೆಯದ ಹುಡುಗಿಯ ಕೈಗೆ ನಾನು ಆರಿಸುವುದು ಶಿವನೆ ಮರವನ್ನು: ಹಗುರ, ಉಳಿಗೆ ಸುಲಭವಾಗಿ ಬಗ್ಗುತ್ತದೆ, ಒಣಗಿದ ಮೇಲೆ ಹೆಚ್ಚು ಸೊಟ್ಟಗಾಗುವುದಿಲ್ಲ. ಗಟ್ಟಿ ಬೇಕೆನ್ನುವವರು ಚೆನ್ನಾಗಿ ಬಲಿತ ಹಲಸನ್ನು ನೋಡಬಹುದು.

ಯಾವ ಮರವಾದರೂ ಪೂರ್ತಿ ಒಣಗಿರಬೇಕು. ಅಂಗುಲ ದಪ್ಪಕ್ಕೆ ಒಂದು ವರ್ಷ ಎಂಬ ಹಳೆಯ ಲೆಕ್ಕವನ್ನು ನಮ್ಮ ಮಳೆಯ ಸೀಮೆಯಲ್ಲಿ ಇನ್ನಷ್ಟು ಉದಾರವಾಗಿ ಹಿಡಿಯಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅಂತಿಮ ಅಳತೆಗೆ ಕೆತ್ತಲೇಬೇಡಿ. ಆ ತೇವದಲ್ಲಿ ಉಬ್ಬಿದ ಮರಕ್ಕೆ ಹೊಂದಿಸಿದ ಹಿಡಿ ಫೆಬ್ರವರಿಯಲ್ಲಿ ಲೋಹದ ಮೇಲೆ ಸಡಿಲವಾಗುತ್ತದೆ. ಮರದ ಎಳೆ ಹಿಡಿಯ ಉದ್ದಕ್ಕೆ ಸಾಗಬೇಕು. ಅಂಗೈಯ ಕೆಳಗೆ ಬರುವ ಆಸರೆ ಹಲಗೆಯನ್ನು ಅದೇ ತುಂಡಿನಲ್ಲಿ ಕೆತ್ತಿದರೆ ಎಳೆಗೆ ಅಡ್ಡವಾಗಿ ಚಾಚಿಕೊಂಡು ಮುರಿಯುತ್ತದೆ. ಅದನ್ನು ಬೇರೆ ತುಂಡಿನಲ್ಲಿ ಮಾಡಿ ಸ್ಕ್ರೂ ಹಾಕಿ, ಮೇಲೆ ಕೆಳಗೆ ಸರಿಸುವಂತಿರಲಿ.

ವಾರ್ನಿಷ್ ಬೇಡ, ಬೆವರಿದ ಕೈಯಲ್ಲಿ ಜಾರುತ್ತದೆ. ಬಟ್ಟೆಯಿಂದ ಅಗಸೆ ಎಣ್ಣೆಯನ್ನು ತೆಳ್ಳಗೆ ತಿಕ್ಕಿ, ಉಳಿದದ್ದನ್ನು ಒರೆಸಿ, ಒಣಗಿದ ಮೇಲೆ ಮತ್ತೆ ತಿಕ್ಕಬೇಕು. ಲೋಹಕ್ಕೆ ಕೂರುವ ಒಳಮೈಗೂ ಎಣ್ಣೆ ಕುಡಿಸಿ, ಇಲ್ಲವಾದರೆ ತೇವ ಒಂದೇ ಕಡೆಯಿಂದ ಹೊಕ್ಕು ಮರ ಬಾಗುತ್ತದೆ. ಎಣ್ಣೆ ಹೀರಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆಯಬೇಡಿ. ಅದು ತಾನಾಗಿಯೇ ಬಿಸಿಯೇರಿ ಹೊತ್ತಿಕೊಳ್ಳಬಲ್ಲದು. ಬಯಲಿನಲ್ಲಿ ಹರಡಿ ಒಣಗಿಸಿ. ಬೆರಳು ಕಚ್ಚಿ ಹಿಡಿಯುವಂತೆ ಸಣ್ಣ ಚಾಣದಿಂದ ಚುಕ್ಕಿ ಹೊಡೆಯುವುದು ಎಣ್ಣೆಗೆ ಮೊದಲು, ಆದರೆ ಅಳತೆಯೆಲ್ಲ ತೀರ್ಮಾನವಾದ ಮೇಲೆ. ಅವಸರಪಟ್ಟು ಚುಕ್ಕಿ ಹೊಡೆದರೆ, ಉಜ್ಜಬೇಕಾದಾಗ ಆ ಶ್ರಮವೆಲ್ಲ ಧೂಳಾಗುತ್ತದೆ.

ಉತ್ತರ (ಸೋಮವಾರಪೇಟೆಯ ಸ್ಪರ್ಧಿಯಿಂದ)

ಟ್ರಿಗರಿನ ಬಗ್ಗೆ: ಪಿಸ್ತೂಲಿನೊಳಗಿನ ಯಾವ ಭಾಗವನ್ನೂ ಉಜ್ಜಬೇಡಿ. ಅಂತರರಾಷ್ಟ್ರೀಯ ನಿಯಮದಂತೆ 10 ಮೀಟರ್ ಏರ್ ಪಿಸ್ತೂಲಿನ ಟ್ರಿಗರ್ ಕನಿಷ್ಠ 500 ಗ್ರಾಂ ಭಾರವನ್ನು ತಡೆಯಬೇಕು. ಸ್ಪರ್ಧೆಯ ಪಿಸ್ತೂಲುಗಳಲ್ಲಿ ಅಷ್ಟಕ್ಕೆ ಹೊಂದಿಸುವ ಸ್ಕ್ರೂ ಮೊದಲೇ ಇರುತ್ತದೆ. ಅದಕ್ಕಿಂತ ಹಗುರ ಮಾಡಿದರೆ ತಪಾಸಣೆಯಲ್ಲಿ ಹೊರಗುಳಿಯುತ್ತಾಳೆ, ಅಪಾಯವಂತೂ ಇದ್ದೇ ಇದೆ. ಹಾಗೆಯೇ, ಕೊಡಗಿನವರಿಗೆ ಕೋವಿ ಇಟ್ಟುಕೊಳ್ಳಲು ಇರುವ ವಿನಾಯಿತಿ ಬಂದೂಕು ತಯಾರಿಸಲು ಅಥವಾ ಮಾರ್ಪಡಿಸಲು ಕೊಟ್ಟ ಅನುಮತಿಯಲ್ಲ. 1959ರ ಶಸ್ತ್ರಾಸ್ತ್ರ ಕಾಯ್ದೆಯಲ್ಲಿ ಅದಕ್ಕೆ ಪ್ರತ್ಯೇಕ ಪರವಾನಗಿ ಬೇಕು. ಮರದ ಕೆಲಸ ನಿಮ್ಮದು, ಲೋಹದ ಕೆಲಸ ಪರವಾನಗಿ ಇರುವವರದು ಎಂದು ಗೆರೆ ಎಳೆದುಕೊಳ್ಳಿ.

ಹಿಡಿಗೂ ನಿಯಮಗಳಿವೆ. ಪಿಸ್ತೂಲಿನ ಒಟ್ಟು ತೂಕ 1500 ಗ್ರಾಂ ಮೀರಬಾರದು. ಹಿಡಿ ಸಮೇತ ಅದು 420 × 200 × 50 ಮಿ.ಮೀ. ಪೆಟ್ಟಿಗೆಯೊಳಗೆ ಹಿಡಿಸಬೇಕು. ಕೈ ಕೆತ್ತನೆಯಲ್ಲಿ ಮೀರುವುದು ಹೆಚ್ಚಾಗಿ ಆ 50 ಮಿ.ಮೀ. ಅಗಲವೇ. ಅಂಗೈ ಆಸರೆಯ ಹಲಗೆ ಹಿಡಿಗೆ 90 ಡಿಗ್ರಿಗಿಂತ ಕಡಿಮೆ ಕೋನದಲ್ಲಿರಬಾರದು, ಅಂಚು ಮೇಲಕ್ಕೆ ಬಾಗಿ ಕೈಯನ್ನು ಅಪ್ಪಿಕೊಳ್ಳಬಾರದು. ಮಣಿಕಟ್ಟು ಪೂರ್ತಿ ಮುಕ್ತವಾಗಿ ಕಾಣಬೇಕು.

ಇನ್ನೊಂದು ವಿಷಯ. ಡಿಸೆಂಬರಿನ ಬೆಳಗಿನ ಚಳಿಯಲ್ಲಿ ಕೈ ಸೊರಗಿರುತ್ತದೆ. 75 ನಿಮಿಷಗಳಲ್ಲಿ 60 ಹೊಡೆತ ಮುಗಿಸುವಷ್ಟರಲ್ಲಿ ಅದೇ ಕೈ ಬೆಚ್ಚಗಾಗಿ ಉಬ್ಬುತ್ತದೆ. ಆದ್ದರಿಂದ ಅಂತಿಮ ಅಳತೆಯನ್ನು ಅಭ್ಯಾಸದ ನಡುವೆ, ಕೈ ದಣಿದಾಗಲೇ ತೆಗೆದುಕೊಳ್ಳಿ. ಹದಿನೈದರ ಕೈ ಇನ್ನೂ ಬೆಳೆಯಬಹುದು. ಮರವನ್ನು ತುಸು ಹೆಚ್ಚೇ ತೆಗೆದು, ಬೇಕಾದಷ್ಟನ್ನು ಪುಟ್ಟಿಯಿಂದ ತುಂಬಿಕೊಂಡರೆ, ಮುಂದಿನ ವರ್ಷ ಹೊಸ ಹಿಡಿ ಕೆತ್ತದೆ ಆ ಪುಟ್ಟಿಯನ್ನಷ್ಟೇ ಉಜ್ಜಿ ಹೊಂದಿಸಬಹುದು.