ಕ್ಲೈಂಬಿಂಗ್ ಜೊತೆಗಾರರ ಹಗ್ಗದ ಗಂಟು ಪರೀಕ್ಷಿಸಿದರೆ ತಪ್ಪಾ?

ಪ್ರಶ್ನೆ: ಹೊಸಬ_ರಾಮನಗರ
ನಮಸ್ಕಾರ. ಜಿಮ್ ಗೋಡೆಯ ಮೇಲೆ ಕ್ಲೈಂಬಿಂಗ್ ಕಲಿತು ಈಗ ರಾಮನಗರದ ಬಂಡೆಗಳಿಗೆ ಹೋಗ್ತಿದ್ದೇನೆ. ಜೊತೆಗಿರುವವರು ನನಗಿಂತ ತುಂಬಾ ಅನುಭವಸ್ಥರು. ಹಗ್ಗ, ಆ್ಯಂಕರ್ (ಮೇಲೆ ಹಗ್ಗ ಸಿಕ್ಕಿಸುವ ಆಧಾರ) ಎಲ್ಲ ಅವರೇ ನೋಡಿಕೊಳ್ತಾರೆ, ನಾನು ಬಿಲೇ ಮಾಡ್ತೇನೆ, ಅಂದರೆ ಅವರು ಬಿದ್ದರೆ ತಡೆಯಲು ಕೆಳಗಿಂದ ಹಗ್ಗ ಹಿಡಿದಿರ್ತೇನೆ. ಮೊನ್ನೆ ಅವರು ಹತ್ತುವ ಮುಂಚೆ ಅವರು ಹಗ್ಗಕ್ಕೆ ಹಾಕಿಕೊಂಡ ಗಂಟು ನೋಡೋಕೆ ಹೋದೆ. "ಯಾಕೆ, ನನ್ನ ಮೇಲೆ ನಂಬಿಕೆ ಇಲ್ವಾ?" ಅಂದುಬಿಟ್ಟರು. ಸುಮ್ಮನಾದೆ. ಏನಾದರೂ ಆದರೆ ಹೊಣೆ ಯಾರದು?

ಉತ್ತರ: ಹಗ್ಗದ_ತುದಿ
ನೋಡಲೇಬೇಕು ತಮ್ಮಾ. ಗಂಟು ಪೂರ್ತಿ ಆಗಿದೆಯೋ ಇಲ್ಲವೋ ಅಂತ ಹೇಳಲು ವರ್ಷಗಟ್ಟಲೆ ಅನುಭವ ಬೇಕಿಲ್ಲ.

ಲಿನ್ ಹಿಲ್ ಹೆಸರು ಕೇಳಿರಬಹುದು. 1993ರಲ್ಲಿ ಅಮೆರಿಕದ ಯೊಸೆಮಿಟಿಯ ಎಲ್ ಕ್ಯಾಪಿಟನ್ ಬಂಡೆಯಲ್ಲಿ 'ನೋಸ್' ರೂಟನ್ನು ಮೊಟ್ಟಮೊದಲು ಫ್ರೀ ಕ್ಲೈಂಬ್ ಮಾಡಿದವರು (ಹಗ್ಗ ಬಿದ್ದರೆ ತಡೆಯೋಕೆ ಮಾತ್ರ, ಹತ್ತೋದು ಕೈಕಾಲಿನಿಂದಲೇ). ಅದಕ್ಕೂ ಮುಂಚೆ, 1989ರಲ್ಲಿ, ಫ್ರಾನ್ಸ್‌ನ ಬ್ಯುಕ್ಸ್‌ನಲ್ಲಿ ಹಾರ್ನೆಸ್‌ಗೆ (ಸೊಂಟಕ್ಕೆ ಕಟ್ಟುವ ಪಟ್ಟಿಗೆ) ಹಗ್ಗ ತೂರಿಸಿದರು, ಗಂಟು ಮುಗಿಸಲಿಲ್ಲ. ಮೇಲೆ ತಲುಪುವವರೆಗೂ ಯಾರಿಗೂ ಗೊತ್ತಾಗಲಿಲ್ಲ. ಇಳಿಯಲು ಹಗ್ಗದ ಮೇಲೆ ಭಾರ ಬಿಟ್ಟಾಗ ಹಗ್ಗ ಕಳಚಿತು. 20 ಮೀಟರಿಗೂ ಹೆಚ್ಚು ಎತ್ತರದಿಂದ ಬಿದ್ದರು, ಮರವೊಂದು ತಡೆದಿದ್ದರಿಂದ ಬದುಕಿದರು. ಆ ಹೊತ್ತಿಗೆ ಅವರು ಜಗತ್ತಿನ ಅತ್ಯುತ್ತಮ ಕ್ಲೈಂಬರ್‌ಗಳಲ್ಲಿ ಒಬ್ಬರು. ಅನುಭವ ಹೆಚ್ಚಿದಷ್ಟೂ ಕೈ ತಾನಾಗಿ ಕೆಲಸ ಮಾಡುತ್ತೆ, ಮನಸ್ಸು ಬೇರೆಲ್ಲೋ ಇರುತ್ತೆ. ನನಗೆ ಹೆದರಿಕೆ ಇರೋದು ಅಲ್ಲೇ.

ನೀವು ಬಿಲೇ ಹಿಡಿದಾಗ ಅವರ ಜೀವ ನಿಮ್ಮ ಕೈಯಲ್ಲಿರುತ್ತೆ. ಅವರ ಗಂಟು ಬಿಚ್ಚಿಕೊಂಡರೆ ನೀವು ಎಷ್ಟು ಚೆನ್ನಾಗಿ ಹಗ್ಗ ಹಿಡಿದಿದ್ದರೂ ಪ್ರಯೋಜನವಿಲ್ಲ. ಹಾಗಾಗಿ ಅದನ್ನು ನೋಡೋದು ನಿಮ್ಮದೇ ಕೆಲಸ. ಫಿಗರ್ ಎಯ್ಟ್ (8ರ ಆಕಾರದ ಗಂಟು) ಪೂರ್ತಿ ಇದೆಯಾ, ಹಾರ್ನೆಸ್‌ನ ಎರಡೂ ಲೂಪ್‌ನಲ್ಲಿ ಹೋಗಿದೆಯಾ, ಬಕಲ್ ಬಿಗಿಯಾಗಿದೆಯಾ ನೋಡಿ. ನಿಮ್ಮ ಬಿಲೇ ಡಿವೈಸ್‌ನಲ್ಲಿ (ಹಗ್ಗ ತಡೆಯುವ ಸಾಧನ) ಹಗ್ಗ ಸರಿಯಾಗಿ ಕೂತಿದೆಯಾ, ಕ್ಯಾರಬಿನರ್ (ಲೋಹದ ಕೊಂಡಿ) ಲಾಕ್ ಆಗಿದೆಯಾ ಅಂತ ಅವರಿಗೂ ತೋರಿಸಿ. ಇಬ್ಬರೂ ನೋಡಿಕೊಂಡರೆ ಯಾರಿಗೂ ಬೇಜಾರಾಗಲ್ಲ.

ಆ್ಯಂಕರ್ ಬೇರೆ ವಿಷಯ. ಅದು ನಿಮಗಿನ್ನೂ ಅರ್ಥವಾಗದಿರಬಹುದು. "ಇದು ಹೇಗೆ ಹಿಡಿಯುತ್ತೆ, ಒಂದು ಪಾಯಿಂಟ್ ಕಿತ್ತುಬಂದರೆ ಇನ್ನೊಂದು ಇದೆಯಾ?" ಅಂತ ಕೇಳಿ. ಹೇಳಿಕೊಡಲು ಅವರಿಗೆ ಪುರುಸೊತ್ತಿಲ್ಲ ಅಂದರೆ ಅವತ್ತು ನೆಲದ ಮೇಲೇ ಇರಿ. ಹತ್ತಬೇಕೋ ಬೇಡವೋ ಅನ್ನೋ ತೀರ್ಮಾನವನ್ನು ಮಾತ್ರ ಇನ್ನೊಬ್ಬರ ಕೈಗೆ ಕೊಡಬೇಡಿ.

ಉತ್ತರ: ಕೆಂಪುಕಲ್ಲು
ಬಾದಾಮಿಗೆ ಹೋಗುವ ಯೋಚನೆ ಇದ್ದರೆ ಒಂದು ಮಾತು. ರಾಮನಗರದ್ದು ಗ್ರಾನೈಟ್, ಬಾದಾಮಿಯದ್ದು ಮರಳುಕಲ್ಲು. ಮಳೆಯಲ್ಲಿ ನೆನೆದ ಮರಳುಕಲ್ಲಿನ ಬಲ ಕುಗ್ಗುತ್ತೆ, ಹಿಡಿತದ ಅಂಚು ಮುರಿಯಬಹುದು. ಮೇಲ್ಮೈ ಒಣಗಿದಂತೆ ಕಂಡರೂ ಒಳಗೆ ತೇವ ಇರುತ್ತೆ. ಬಸ್ ಟಿಕೆಟ್ ದುಡ್ಡು ಹಾಳಾಯ್ತು ಅಂತ ಹತ್ತಬೇಡಿ. ಬಂಡೆಗೆ ಹೊಡೆದ ಬೋಲ್ಟ್ ಇದೆ ಅಂದಮಾತ್ರಕ್ಕೆ ಅದನ್ನು ಯಾರೋ ಮೊನ್ನೆ ಪರೀಕ್ಷಿಸಿದ್ದಾರೆ ಅಂತಲೂ ಅಂದುಕೊಳ್ಳಬೇಡಿ. ಅಲುಗಾಡಿದರೆ, ತುಕ್ಕು ಹಿಡಿದಿದ್ದರೆ ಇಳಿದು ಬನ್ನಿ.

ಹೊಸಬ_ರಾಮನಗರ
ತುಂಬಾ ಥ್ಯಾಂಕ್ಸ್ ಅಕ್ಕ, ಥ್ಯಾಂಕ್ಸ್ ಸರ್. "ನಿಮ್ಮನ್ನು ಹಿಡಿಯೋನು ನಾನು, ಅದಕ್ಕೇ ನೋಡ್ತಿದ್ದೇನೆ" ಅಂತ ಹೇಳ್ತೇನೆ. ಹಗ್ಗದ ಇನ್ನೊಂದು ಕೊನೆಗೂ ಗಂಟು ಹಾಕಬೇಕು ಅಂತಾರಲ್ಲ, ಸಣ್ಣ ರೂಟ್‌ಗೂ ಬೇಕಾ?

ಹಗ್ಗದ_ತುದಿ
ಯಾವಾಗಲೂ ಹಾಕಿ. 2019ರಲ್ಲಿ ಅಮೆರಿಕದ ಕ್ಲೈಂಬರ್ ಬ್ರ್ಯಾಡ್ ಗೋಬ್ರೈಟ್ ಮೆಕ್ಸಿಕೊದಲ್ಲಿ ತೀರಿಕೊಂಡಿದ್ದು ರ್‍ಯಾಪೆಲ್ ಮಾಡುವಾಗ (ಹಗ್ಗದ ಮೇಲೆ ತಾವೇ ಜಾರಿಕೊಂಡು ಇಳಿಯುವಾಗ), ಹಗ್ಗದ ತುದಿಯಲ್ಲಿ ಗಂಟಿರಲಿಲ್ಲ. ಬಿಲೇ ಹಿಡಿದು ಇಳಿಸುವಾಗಲೂ ಅಪಾಯ ಅದೇ. ಹಗ್ಗ ಮೇಲೆ ಹೋಗಿ ವಾಪಸ್ ಬರಬೇಕಲ್ಲ, ಹಾಗಾಗಿ 60 ಮೀಟರ್ ಹಗ್ಗದಲ್ಲಿ 30 ಮೀಟರಿಗಿಂತ ಮೇಲಿರುವ ಆ್ಯಂಕರ್‌ನಿಂದ ನೆಲದವರೆಗೆ ಇಳಿಸಲು ಆಗಲ್ಲ, ತುದಿ ನಿಮ್ಮ ಡಿವೈಸ್‌ನಿಂದ ಜಾರಿಹೋಗುತ್ತೆ. ಹಗ್ಗವನ್ನು ಯಾರಾದರೂ ಹಿಂದೆ ಕತ್ತರಿಸಿ ಗಿಡ್ಡ ಮಾಡಿದ್ದಾರಾ ಅಂತಲೂ ಕೇಳಿಕೊಳ್ಳಿ.